ಬಿಎಂಟಿ ಆದ್ಮೇಲೆ ಚರ್ಮನೂ ದಿನಾ ನೋಡಿ

ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ (ಬಿಎಂಟಿ, ಅಂದ್ರೆ ಮೂಳೆಮಜ್ಜೆ ಕಸಿ) ಆದೋರ ಮನೆಗೆ ಫೋನ್ ಮಾಡಿದ್ರೆ ಎಲ್ರೂ ಕೇಳೋದು ಒಂದೇ, ಕೌಂಟ್ಸ್ (ರಕ್ತಕಣಗಳ ಲೆಕ್ಕ) ಎಷ್ಟಾಯ್ತು, ಪ್ಲೇಟ್ಲೆಟ್ ಏರ್ತಾ, ಜ್ವರ ಇದ್ಯಾ ಅಂತ. ಚರ್ಮ ಹೇಗಿದೆ ಅಂತ ಯಾರೂ ಕೇಳಲ್ಲ. ಆದ್ರೆ ನನ್ನ ತಮ್ಮನಿಗೆ ಟ್ರಾನ್ಸ್‌ಪ್ಲಾಂಟ್ ಆದ್ಮೇಲೆ ನಮ್ಮನೇಲಿ ಅತಿ ಹೆಚ್ಚು ಚಿಂತೆ ಮಾಡಿದ್ದು, ಅತಿ ಹೆಚ್ಚು ಸಲ ಆಸ್ಪತ್ರೆಗೆ ಫೋನ್ ಮಾಡಿದ್ದು, ಈಗ್ಲೂ ವಾರ ವಾರ ಕೂತು ನೋಡ್ತಿರೋದು ಎಲ್ಲಾ ಅವನ ಚರ್ಮದ ವಿಷ್ಯಕ್ಕೇ. ಅವನಿಗಿದ್ದಿದ್ದು ಎಎಂಎಲ್, ಲ್ಯುಕೇಮಿಯಾ ಅನ್ನೋ ರಕ್ತದ ಕ್ಯಾನ್ಸರ್‌ನ ಒಂದು ಬಗೆ. ಡೋನರ್ ನಾನೇ, ಫುಲ್ ಮ್ಯಾಚ್ ಆಗಿತ್ತು. ನಾನು ಡಾಕ್ಟರ್ ಅಲ್ಲ, ಆದ್ರೆ ಪಕ್ಕದಲ್ಲಿದ್ದು ನೋಡ್ಕೊಂಡೋಳು, ಕೇಳಿ ಕೇಳಿ ಓದಿ ಓದಿ ತಿಳ್ಕೊಂಡಿದ್ದನ್ನ ಬರೀತಿದೀನಿ, ಯಾಕಂದ್ರೆ ಈ ವಿಷ್ಯ ಕನ್ನಡದಲ್ಲಿ ಹುಡುಕೋರಿಗೆ ಹೆಚ್ಚೇನೂ ಸಿಗಲ್ಲ.

ಮೊದ್ಲು ಒಂದು ಮಾತು. ಟ್ರಾನ್ಸ್‌ಪ್ಲಾಂಟ್ ಆದೋರ ಮೈಮೇಲೆ ಒಂದು ದದ್ದು ಬಂದ್ರೆ ಅದು ಏನು ಅಂತ ಬರೀ ನೋಡಿ ಹೇಳೋಕಾಗಲ್ಲ, ಅದು ಯಾವ ದಿನ ಬಂತು ಅನ್ನೋದು ಬಹಳ ಮುಖ್ಯ. ಹೊಸ ಮ್ಯಾರೋ ಸೆಲ್ಸ್ ಕೊಡೋ ದಿನವನ್ನ ಡೇ ಜೀರೋ ಅಂತಾರೆ. ಅದಕ್ಕೆ ಮುಂಚೆ ಬಂದಿದ್ದಾ, ಕೌಂಟ್ಸ್ ಇನ್ನೂ ಸೊನ್ನೆ ಇದ್ದಾಗ ಬಂದಿದ್ದಾ, ಏರೋ ಹೊತ್ತಲ್ಲಿ ಬಂದಿದ್ದಾ, ಮನೆಗೆ ಬಂದು ತಿಂಗಳುಗಟ್ಲೆ ಆದ್ಮೇಲೆ ಬಂದಿದ್ದಾ, ಇದರ ಮೇಲೆ ಡಾಕ್ಟರ್ ಯೋಚನೆ ಮಾಡೋ ದಿಕ್ಕೇ ಬದಲಾಗತ್ತೆ. ಅದಕ್ಕೇ ನಾನು ಒಂದು ನೋಟ್‌ಬುಕ್ ಇಟ್ಕೊಂಡಿದ್ದೆ, ದಿನ, ಎಲ್ಲಿ ಏನು ಕಾಣಿಸ್ತು, ಅವತ್ತು ಹೊಸದಾಗಿ ಯಾವ ಔಷಧಿ ಶುರುವಾಯ್ತು, ಇಷ್ಟೇ ಬರೀತಿದ್ದಿದ್ದು.

ಶುರುನಲ್ಲಿ ಚರ್ಮಕ್ಕೆ ಏಟು ಬೀಳೋದು ಕಂಡಿಷನಿಂಗ್‌ನಿಂದ, ಅಂದ್ರೆ ಹಳೇ ಮ್ಯಾರೋ ಖಾಲಿ ಮಾಡೋಕೆ ಕೊಡೋ ಹೈ ಡೋಸ್ ಕೀಮೋ ಅಥವಾ ರೇಡಿಯೇಷನ್. ಬುಸಲ್ಫಾನ್ ಕೊಟ್ಟೋರಿಗೆ ಮೈ ಕಪ್ಪಾಗತ್ತೆ, ಕಂಕುಳು, ತೊಡೆಸಂದಿ, ಗೆಣ್ಣುಗಳ ಹತ್ರ ಜಾಸ್ತಿ, ನಿಧಾನಕ್ಕೆ ತಿಳಿಯಾಗತ್ತೆ. ಥಯೋಟೆಪಾ ಅನ್ನೋ ಔಷಧಿ ಇನ್ನೊಂಥರ, ಅದು ಬೆವರಿನ ಮೂಲಕ ಚರ್ಮದ ಮೇಲೇ ಬರತ್ತೆ, ಹಾಗಾಗಿ ಮಡಿಕೆ ಇರೋ ಜಾಗದಲ್ಲಿ, ಟೇಪ್ ಅಂಟಿಸಿರೋ ಜಾಗದಲ್ಲಿ ನಿಂತು ಸುಟ್ಟ ಹಾಗೆ ಮಾಡತ್ತೆ. ಅದಕ್ಕೇ ಆ ಔಷಧಿ ನಡೀತಿರೋವಾಗ, ಕೊನೇ ಡೋಸ್ ಆಗಿ 48 ಗಂಟೆವರೆಗೂ, ದಿನಕ್ಕೆ ಹಲವು ಸಲ ಸ್ನಾನ ಮಾಡಿಸ್ತಾರೆ, ಬಟ್ಟೆ ಬೆಡ್‌ಶೀಟ್ ಬದಲಾಯಿಸ್ತಾರೆ, ಆ ಟೈಮಲ್ಲಿ ಕ್ರೀಮ್ ಲೋಷನ್ ಏನೂ ಹಚ್ಬೇಡಿ ಅಂತಾರೆ. ಪೇಷಂಟ್‌ಗೆ ಎದ್ದು ನಿಲ್ಲೋಕೂ ಶಕ್ತಿ ಇರಲ್ಲ, ರಾತ್ರಿ ಎಬ್ಬಿಸಿ ಸ್ನಾನ ಅಂದ್ರೆ ಅಳು ಬರತ್ತೆ, ಪಾಪ ಅನ್ನಿಸತ್ತೆ, ಆದ್ರೂ ಬಿಡ್ಬೇಡಿ, ಅದು ಬರೀ ಕ್ಲೀನ್ ಆಗಿರ್ಲಿ ಅಂತ ಮಾಡ್ಸೋ ಸ್ನಾನ ಅಲ್ಲ, ಔಷಧಿ ತೊಳೆಯೋ ಸ್ನಾನ.

ಕೂದಲು ಹೋಗೋದು ಎಲ್ರಿಗೂ ಗೊತ್ತು. ಉಗುರಿನ ವಿಷ್ಯ ಗೊತ್ತಿರಲ್ಲ. ಕೀಮೋ ಆದ ಕೆಲವು ವಾರಕ್ಕೆ ಎಲ್ಲಾ ಬೆರಳಿನ ಉಗುರಿನ ಬುಡದಲ್ಲಿ ಅಡ್ಡಕ್ಕೆ ಒಂದು ತಗ್ಗು ಗೆರೆ ಕಾಣಿಸ್ಕೊಳ್ಳತ್ತೆ, ಉಗುರು ಬೆಳೆಯೋದು ಕೆಲವು ದಿನ ನಿಂತುಹೋಗಿತ್ತಲ್ಲ, ಅದರ ಗುರುತು. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯತ್ತೆ, ಆ ಗೆರೆನೂ ಅಷ್ಟಷ್ಟೇ ಮುಂದೆ ಹೋಗತ್ತೆ. ತಮ್ಮನ ಹೆಬ್ಬೆರಳು ಹಿಡ್ಕೊಂಡು ನೋಡಿದ್ರೆ ಗೆರೆ ಮುಟ್ಟಿದ್ರೇ ಸಿಗ್ತಿತ್ತು, ಅದು ತುದಿಗೆ ಬಂದು ಕತ್ತರಿಸಿ ಹೋಗೋವರೆಗೂ ಅವನು ಅದನ್ನ ಸವರ್ತಾನೇ ಇದ್ದ. ಅದು ಕಾಯಿಲೆ ಅಲ್ಲ, ಹೆದರಬೇಕಾಗಿಲ್ಲ.

ಕೌಂಟ್ಸ್ ಸೊನ್ನೆ ಇರೋ ದಿನಗಳಲ್ಲಿ ಚರ್ಮದಲ್ಲಿ ಹುಡುಕಬೇಕಾದ್ದು ಬೇರೆ. ಪ್ಲೇಟ್ಲೆಟ್ ಕಮ್ಮಿ ಇದ್ರೆ ಕಾಲಲ್ಲಿ ಸೂಜಿಮೊನೆ ಥರ ಚುಕ್ಕಿಗಳು, ಒತ್ತಿದ್ರೂ ಮಾಯ ಆಗಲ್ಲ. ಔಷಧಿ ಕೊಡೋಕೆ ದೊಡ್ಡ ರಕ್ತನಾಳಕ್ಕೆ ಹಾಕಿರೋ ಕೊಳವೆ, ಸೆಂಟ್ರಲ್ ಲೈನ್ ಅಂತಾರಲ್ಲ, ಅದರ ಸುತ್ತ ನೋವು, ಬಿಸಿ, ಕೀವು ಇದ್ಯಾ ನೋಡ್ಬೇಕು. ಜ್ವರದ ಜೊತೆ ನೋವಿರೋ ಗಂಟು ಎದ್ದು, ಅದರ ಮಧ್ಯಭಾಗ ಕಪ್ಪಾದ್ರೆ ಅದು ಫ್ಯುಸೇರಿಯಮ್‌ನಂಥ ಫಂಗಸ್ ರಕ್ತಕ್ಕೆ ಸೇರಿರೋ ಲಕ್ಷಣ ಇರಬಹುದು, ಅದು ಎಷ್ಟೋ ಸಲ ಕಾಲುಗುರಿನ ಪಕ್ಕದ ಒಂದು ಸಣ್ಣ ಉಗುರುಸುತ್ತಿನಿಂದ ಶುರುವಾಗಿರತ್ತೆ. ಹಾಗಾಗಿ ಬೆಳಿಗ್ಗೆ ಸಾಕ್ಸ್ ತೆಗ್ದು ಬೆರಳಿನ ಸಂದಿ ನೋಡ್ಲೇಬೇಕು.

ಆಮೇಲೆ ಕೌಂಟ್ಸ್ ಏರತ್ತೆ, ಎನ್‌ಗ್ರಾಫ್ಟ್ ಆಯ್ತು, ಅಂದ್ರೆ ಹೊಸ ಮ್ಯಾರೋ ಬೇರೂರಿತು ಅಂತಾರೆ, ಎಲ್ರಿಗೂ ಖುಷಿ. ಸರಿಯಾಗಿ ಅದೇ ಹೊತ್ತಲ್ಲಿ, ಅಥವಾ ಅದಾದ ಸ್ವಲ್ಪ ದಿನಕ್ಕೆ, ದದ್ದು ಬರೋದು. ತಮ್ಮನಿಗೆ ಹಾಗೇ ಆಯ್ತು. ಅಂಗೈ ಉರಿ ಅಂದ, ಬಿಸಿ ಪಾತ್ರೆ ಹಿಡ್ದಂಗೆ ಅಂದ. ನೋಡಿದ್ರೆ ಏನೂ ಅಷ್ಟಾಗಿ ಕಾಣ್ತಿರ್ಲಿಲ್ಲ. ಮಾರನೇ ದಿನ ಅಂಗಾಲು, ಕಿವಿಯ ಹಿಂಭಾಗ, ಕುತ್ತಿಗೆ, ಬೆನ್ನಿನ ಮೇಲ್ಭಾಗ. ಇದು ಅಕ್ಯೂಟ್ ಜಿವಿಎಚ್‌ಡಿ ಶುರುವಾಗೋ ಜಾಗಗಳು, ಅಂಗೈ ಅಂಗಾಲು ಕಿವಿ ಕುತ್ತಿಗೆ ಕೆನ್ನೆ, ಯಾರಾದ್ರೂ ಇದನ್ನ ನೆನಪಿಟ್ಕೊಳ್ಳಿ ಅಂದ್ರೆ ನಾನು ಮೊದ್ಲು ಇದನ್ನೇ ಹೇಳ್ತೀನಿ.

ಜಿವಿಎಚ್‌ಡಿ ಅಂದ್ರೆ ಗ್ರಾಫ್ಟ್ ವರ್ಸಸ್ ಹೋಸ್ಟ್ ಡಿಸೀಸ್. ಡೋನರ್‌ನ ಟಿ ಸೆಲ್ಸ್ (ರೋಗದ ವಿರುದ್ಧ ಹೋರಾಡೋ ಬಿಳಿ ರಕ್ತಕಣಗಳು) ಪೇಷಂಟ್‌ನ ದೇಹವನ್ನೇ ಪರಕೀಯ ಅಂತ ತಿಳ್ಕೊಂಡು ದಾಳಿ ಮಾಡೋದು. ಚರ್ಮ, ಲಿವರ್, ಕರುಳು ಈ ಮೂರಕ್ಕೇ ಮುಖ್ಯವಾಗಿ, ಅದರಲ್ಲೂ ಚರ್ಮಕ್ಕೇ ಹೆಚ್ಚು, ಎಷ್ಟೋ ಜನಕ್ಕೆ ಮೊದ್ಲು ಗೊತ್ತಾಗೋದೇ ಅಲ್ಲಿ. ಹಿಂದೆಲ್ಲಾ 100 ದಿನದೊಳಗೆ ಬಂದ್ರೆ ಅಕ್ಯೂಟ್, ಆಮೇಲೆ ಬಂದ್ರೆ ಕ್ರಾನಿಕ್ ಅಂತಿದ್ರು, ಈಗ ದಿನಕ್ಕಿಂತ ಲಕ್ಷಣ ನೋಡಿ ಹೇಳ್ತಾರೆ. ಫುಲ್ ಮ್ಯಾಚ್ ಇದ್ರೂ ಯಾಕೆ ಬಂತು ಅಂತ ನಾನು ಬಹಳ ಕೇಳಿದೀನಿ. ಡೋನರ್ ಹೊಂದ್ತಾರಾ ಅಂತ ನೋಡೋ ಎಚ್‌ಎಲ್‌ಎ ಅನ್ನೋ ಗುರುತುಗಳು ಮ್ಯಾಚ್ ಆದ್ರೂ ಒಳಗೆ ಚಿಕ್ಕ ಚಿಕ್ಕ ಪ್ರೋಟೀನ್ ವ್ಯತ್ಯಾಸ ಇದ್ದೇ ಇರತ್ತೆ, ಅದರಲ್ಲೂ ಡೋನರ್ ಹೆಣ್ಣು ಪೇಷಂಟ್ ಗಂಡು ಆದ್ರೆ ವೈ ಕ್ರೋಮೋಸೋಮ್‌ನಿಂದ ಬರೋ ಪ್ರೋಟೀನ್‌ಗಳು ಹೆಣ್ಣಿನ ಸೆಲ್ಸ್‌ಗೆ ಹೊಸದು, ಡೋನರ್‌ಗೆ ಹಿಂದೆ ಗರ್ಭ ನಿಂತಿದ್ರೆ ಇನ್ನೂ ಜಾಸ್ತಿ ಸಾಧ್ಯತೆ. ನನಗೆ ಎರಡು ಮಕ್ಕಳು. 1966ರಲ್ಲಿ ಬಿಲ್ಲಿಂಗ್‌ಹ್ಯಾಮ್ ಅನ್ನೋ ವಿಜ್ಞಾನಿ ಇದಕ್ಕೆ ಮೂರು ಷರತ್ತು ಹೇಳಿದ್ರಂತೆ, ಕೊಟ್ಟ ಗ್ರಾಫ್ಟ್‌ನಲ್ಲಿ ಹೋರಾಡೋ ಸೆಲ್ಸ್ ಇರ್ಬೇಕು, ತಗೊಂಡೋರಲ್ಲಿ ಡೋನರ್‌ನಲ್ಲಿ ಇಲ್ಲದ ಏನೋ ಇರ್ಬೇಕು, ತಗೊಂಡೋರಿಗೆ ಅದನ್ನ ತಡೆಯೋ ಶಕ್ತಿ ಇರಬಾರ್ದು. ಮೂರೂ ನಮ್ಮ ವಿಷ್ಯದಲ್ಲಿ ಹಾಗೇ ಇತ್ತು.

ಇಲ್ಲಿ ಡೋನರ್ ಆದೋರಿಗೆ ಒಂದು ಮಾತು ಹೇಳ್ಬೇಕು. ಅವನ ಮೈ ಸುಲೀತಿದ್ದಾಗ, ಇದು ನನ್ನ ಸೆಲ್ಸ್ ಮಾಡ್ತಿರೋದು ಅನ್ನೋ ಯೋಚನೆ ನನ್ನನ್ನ ಬಿಡ್ಲೇ ಇಲ್ಲ, ಅವನ ಎದುರಿಗೆ ಕೂರೋಕೂ ಕಷ್ಟ ಆಗ್ತಿತ್ತು. ಅವಾಗ ಟ್ರಾನ್ಸ್‌ಪ್ಲಾಂಟ್ ಡಾಕ್ಟರ್ ಹೇಳಿದ್ದು, ಅವನ ದೇಹದಲ್ಲಿ ಎಲ್ಲೋ ಉಳಿದಿರಬಹುದಾದ ಲ್ಯುಕೇಮಿಯಾ ಸೆಲ್ಸ್‌ನ ಹುಡುಕಿ ಕೊಲ್ಲೋದೂ ಇದೇ ಸೆಲ್ಸ್ ಅಂತ. ಸ್ವಲ್ಪ ಜಿವಿಎಚ್‌ಡಿ ಬಂದೋರಲ್ಲಿ ಲ್ಯುಕೇಮಿಯಾ ವಾಪಸ್ ಬರೋದು ಕಮ್ಮಿ ಅಂತ 1970ರ ದಶಕದ ಕೊನೆಯಿಂದಲೇ ಡಾಕ್ಟರ್‌ಗಳು ಗಮನಿಸಿದಾರೆ. ಅದು ಜಾಸ್ತಿ ಆದ್ರೆ ಜೀವಕ್ಕೇ ಅಪಾಯ, ಅದೂ ನಿಜ, ಹಾಗಾಗಿ ಪೂರ್ತಿ ಅಡಗಿಸೋದೂ ಅಲ್ಲ ಬಿಡೋದೂ ಅಲ್ಲ, ಆ ನಡುವಿನ ಜಾಗ ಹುಡುಕೋದೇ ಅವರ ಕೆಲಸ. ನನಗೆ ಆ ಮಾತು ಬಹಳ ಸಮಾಧಾನ ಕೊಡ್ತು.

ಈಗ ನಾನು ಅತಿ ಮುಖ್ಯ ಅಂದ್ಕೊಂಡಿರೋ ವಿಷ್ಯ. ಪುಸ್ತಕದಲ್ಲಿ, ಇಂಟರ್ನೆಟ್ಟಲ್ಲಿ ಇರೋ ಜಿವಿಎಚ್‌ಡಿ ಫೋಟೋಗಳು ಹೆಚ್ಚಿನವು ಬಿಳೀ ಚರ್ಮದ್ದು, ಕೆಂಪಗೆ ಎದ್ದು ಕಾಣತ್ತೆ. ಕಂದು ಅಥವಾ ಕಪ್ಪು ಚರ್ಮದಲ್ಲಿ ಆ ಕೆಂಪು ಕಾಣಲ್ಲ. ಸ್ವಲ್ಪ ನೇರಳೆ, ಸ್ವಲ್ಪ ಬೂದು, ಅಥವಾ ಇರೋ ಬಣ್ಣವೇ ಗಾಢ ಆದ ಹಾಗೆ, ಅಷ್ಟೇ. ಕೆಂಪಾಗಿಲ್ಲ ಅಲ್ವಾ ಅಂತ ಸುಮ್ನಿದ್ರೆ ಎರಡು ಮೂರು ದಿನ ಹೋಗೇಬಿಡತ್ತೆ. ಅದಕ್ಕೇ ಕಣ್ಣಿನ ಜೊತೆ ಕೈನೂ ಬೇಕು. ಕೈ ಚೆನ್ನಾಗಿ ತೊಳ್ಕೊಂಡು ಬೆರಳಿನ ಹಿಂಭಾಗದಿಂದ ಸವರಿದ್ರೆ ಬಿಸಿ ಗೊತ್ತಾಗತ್ತೆ, ಮರಳು ಕಾಗದದ ಥರ ತರಿ ತರಿ ಸಿಗತ್ತೆ, ಕೂದಲ ಬುಡದಲ್ಲಿ ಗುಳ್ಳೆ ಗುಳ್ಳೆ ಸಿಗತ್ತೆ. ನಾನು ಮೊಬೈಲ್ ಟಾರ್ಚನ್ನ ಪಕ್ಕದಿಂದ ಓರೆಯಾಗಿ ಹಿಡಿದು ನೋಡ್ತಿದ್ದೆ, ಎದುರಿಂದ ಬೆಳಕು ಬಿಟ್ರೆ ಕಾಣ್ದೇ ಇರೋ ಉಬ್ಬು ಪಕ್ಕದಿಂದ ಬಿಟ್ರೆ ನೆರಳು ಬಿದ್ದು ಕಾಣತ್ತೆ. ಮತ್ತೆ ಕೇಳ್ಬೇಕು, ಉರಿ ಇದ್ಯಾ, ತುರಿಕೆ ಇದ್ಯಾ, ನೆಲದ ಮೇಲೆ ಕಾಲಿಟ್ರೆ ನೋವಾಗತ್ತಾ ಅಂತ. ಅವರು ಹೇಳೋದನ್ನ ನಂಬಿ, ಕಣ್ಣಿಗೆ ಏನೂ ಕಾಣ್ದಿದ್ರೂ ನಂಬಿ. ಡ್ಯೂಟಿ ಬದಲಾಗಿ ಹೊಸಬರು ಬಂದಾಗ್ಲೂ ಇವನ ಮೈಬಣ್ಣ ಇದಲ್ಲ, ಮುಂಚೆ ಹೀಗಿತ್ತು ಅಂತ ಹಳೇ ಫೋಟೋ ತೋರಿಸಿ, ಮನೆಯವರಿಗೆ ಗೊತ್ತಿರೋ ಹಾಗೆ ಆ ಬಣ್ಣ ಬೇರೆ ಯಾರಿಗೂ ಗೊತ್ತಿರಲ್ಲ.

ಎಷ್ಟು ಹರಡಿದೆ ಅನ್ನೋದನ್ನ ಅಳೆಯೋಕೆ ಒಂದು ಸುಲಭ ವಿಧಾನ ಇದೆ, ಪೇಷಂಟ್‌ನ ಒಂದು ಅಂಗೈ ಬೆರಳು ಸೇರಿ ಮೈಯ ಸುಮಾರು ಶೇ. 1. ಶೇ. 25ಕ್ಕಿಂತ ಕಮ್ಮಿ ಇದ್ರೆ ಸ್ಟೇಜ್ ಒಂದು, 50ರವರೆಗೆ ಎರಡು, ಅದಕ್ಕಿಂತ ಜಾಸ್ತಿ ಆದ್ರೆ ಮೂರು, ನೀರ್ಗುಳ್ಳೆ ಎದ್ದು ಚರ್ಮ ಸುಲಿದ್ರೆ ನಾಲ್ಕು. ಚರ್ಮ ಬಿಟ್ಟು ಬೇರೆಲ್ಲೂ ಇಲ್ಲ, ಅರ್ಧ ಮೈಗಿಂತ ಕಮ್ಮಿ ಇದೆ ಅಂದ್ರೆ ಎಷ್ಟೋ ಸಲ ಸ್ಟೀರಾಯ್ಡ್ ಕ್ರೀಮ್‌ನಲ್ಲೇ ನಿಭಾಯಿಸ್ತಾರೆ. ಜಾಸ್ತಿ ಆದ್ರೆ ರಕ್ತನಾಳಕ್ಕೆ ಅಥವಾ ಮಾತ್ರೆಯಲ್ಲಿ ಸ್ಟೀರಾಯ್ಡ್. ಅದಕ್ಕೆ ಬಗ್ಗದಿದ್ರೆ ರುಕ್ಸೋಲಿಟಿನಿಬ್ ಅನ್ನೋ ಮಾತ್ರೆ, ಅಮೆರಿಕದಲ್ಲಿ ಅದಕ್ಕೆ ಅಕ್ಯೂಟ್‌ಗೆ 2019ರಲ್ಲಿ, ಕ್ರಾನಿಕ್‌ಗೆ 2021ರಲ್ಲಿ ಒಪ್ಪಿಗೆ ಸಿಕ್ಕಿದ್ದು.

ಆದ್ರೆ ದದ್ದು ಬಂದ ತಕ್ಷಣ ಜಿವಿಎಚ್‌ಡಿನೇ ಅಂತ ಹೇಳೋಕಾಗಲ್ಲ, ಇದೇ ದೊಡ್ಡ ತಲೆನೋವು. ಆ ಹೊತ್ತಿಗೆ ಪೇಷಂಟ್‌ಗೆ ಹತ್ತಾರು ಔಷಧಿ ಹೋಗ್ತಿರತ್ತೆ, ಆಂಟಿಬಯಾಟಿಕ್ ಒಂದು ಸಾಕು ಅದೇ ಥರ ದದ್ದು ಬರಿಸೋಕೆ. ವೈರಸ್‌ನಿಂದಲೂ ಬರತ್ತೆ. ಕೌಂಟ್ಸ್ ಏರೋ ಹೊತ್ತಲ್ಲಿ ಜ್ವರ, ದದ್ದು, ಉಸಿರಾಟದ ತೊಂದರೆ ಒಟ್ಟಿಗೆ ಬಂದ್ರೆ ಎನ್‌ಗ್ರಾಫ್ಟ್‌ಮೆಂಟ್ ಸಿಂಡ್ರೋಮ್ ಅಂತ ಇನ್ನೊಂದಿದೆ. ಬಯಾಪ್ಸಿ ಮಾಡಿದ್ರೆ ಗೊತ್ತಾಗತ್ತೆ ಅಂತ ನಾವೆಲ್ಲಾ ಅಂದ್ಕೋತೀವಿ, ಮಾಡ್ತಾರೆ ಕೂಡ, ಪೆನ್ನಿನ ತುದಿಯಂಥ ಸಾಧನದಲ್ಲಿ ಸುಮಾರು 4 ಮಿಲಿಮೀಟರ್ ಅಗಲದ ಚರ್ಮ ತೆಗೆದು ಹೊಲಿಗೆ ಹಾಕ್ತಾರೆ. ರಿಪೋರ್ಟಲ್ಲಿ ಜಿವಿಎಚ್‌ಡಿಗೆ ಹೊಂದತ್ತೆ ಅಂತ ಬರತ್ತೆ, ಹೌದು ಅಂತ ಬರಲ್ಲ, ಯಾಕಂದ್ರೆ ಮೈಕ್ರೋಸ್ಕೋಪ್ ಕೆಳಗೆ ಔಷಧಿ ಅಲರ್ಜಿನೂ ಹೆಚ್ಚುಕಮ್ಮಿ ಹಾಗೇ ಕಾಣಬಹುದು. ಕೊನೆಗೆ ಬಿಲಿರುಬಿನ್ (ಲಿವರ್ ಹೇಗಿದೆ ಅಂತ ತೋರಿಸೋ ರಕ್ತಪರೀಕ್ಷೆ) ಏರ್ತಿದ್ಯಾ, ಬೇಧಿ ಇದ್ಯಾ, ಯಾವ ದಿನ ಬಂತು, ಎಲ್ಲಿಂದ ಶುರುವಾಯ್ತು ಇದನ್ನೆಲ್ಲಾ ಸೇರಿಸಿ ಡಾಕ್ಟರೇ ನಿರ್ಧಾರ ಮಾಡೋದು. ಡಾಕ್ಟರ್ ಖಚಿತವಾಗಿ ಹೇಳ್ತಿಲ್ಲ ಅಂತ ಬೇಜಾರ್ ಮಾಡ್ಕೋಬೇಡಿ, ಅವರು ಪ್ರಾಮಾಣಿಕವಾಗಿ ಇದಾರೆ ಅಂತ ಅರ್ಥ.

ಅಂದ ಹಾಗೆ ತನ್ನದೇ ಸೆಲ್ಸ್ ತೆಗೆದಿಟ್ಟು ವಾಪಸ್ ಕೊಡೋ ಆಟೋಲೋಗಸ್ ಟ್ರಾನ್ಸ್‌ಪ್ಲಾಂಟ್ ಆದೋರಿಗೆ ಈ ಜಿವಿಎಚ್‌ಡಿ ಭಯ ಸಾಮಾನ್ಯವಾಗಿ ಇರಲ್ಲ, ಆದ್ರೆ ಔಷಧಿ ದದ್ದು ಮತ್ತೆ ಸರ್ಪಸುತ್ತು ಅವರಿಗೂ ಇದೆ. ಸರ್ಪಸುತ್ತು ಅಂದ್ರೆ ಹಿಂದೆ ಯಾವಾಗ್ಲೋ ಬಂದಿದ್ದ ಚಿಕನ್ ಪಾಕ್ಸ್‌ನ (ಸಿಡುಬಲ್ಲ) ವೈರಸ್ಸು, ನರದಲ್ಲಿ ಅಡಗಿದ್ದು ರೋಗನಿರೋಧಕ ಶಕ್ತಿ ಇಲ್ದಾಗ ಏಳೋದು. ಅದಕ್ಕೇ ಅಸೈಕ್ಲೋವಿರ್ ಮಾತ್ರೆನ ವರ್ಷ, ಕೆಲವರಿಗೆ ಅದಕ್ಕಿಂತ ಜಾಸ್ತಿ ಕೊಡ್ತಾರೆ, ಹುಷಾರಾಗಿದೀನಲ್ಲ ಅಂತ ನಿಲ್ಲಿಸಬಾರ್ದು. ಮೈಯ ಒಂದೇ ಬದಿಯಲ್ಲಿ ಪಟ್ಟಿ ಥರ ನೋವು ಉರಿ ಬಂದ್ರೆ, ಗುಳ್ಳೆ ಏಳೋಕೆ ಮುಂಚೆನೇ ಫೋನ್ ಮಾಡಿ.

ಮನೆಗೆ ಬಂದ್ಮೇಲಿನ ಕಥೆ ಬೇರೆ. ಔಷಧಿಗಳಿಂದ್ಲೇ ಚರ್ಮ ಬದಲಾಗತ್ತೆ. ಜಿವಿಎಚ್‌ಡಿ ತಡೆಯೋಕೆ ಕೊಡೋ ಸೈಕ್ಲೋಸ್ಪೋರಿನ್ ತಗೋಳೋರಿಗೆ ತಲೆ ಕೂದಲು ಇನ್ನೂ ಸರಿಯಾಗಿ ಬಂದಿರಲ್ಲ, ಆದ್ರೆ ಹಣೆ ಮೇಲೆ ಕೆನ್ನೆ ಮೇಲೆ ಬೆನ್ನ ಮೇಲೆ ಕೂದಲು ಬರತ್ತೆ, ಹೆಣ್ಣುಮಕ್ಕಳು ಇದರಿಂದ ಬಹಳ ನೊಂದ್ಕೋತಾರೆ, ಔಷಧಿ ನಿಲ್ಲಿಸಿದ್ಮೇಲೆ ಅದು ಹೋಗತ್ತೆ ಅಂತ ಯಾರಾದ್ರೂ ಅವರಿಗೆ ಮೊದ್ಲೇ ಹೇಳ್ಬೇಕು. ಸ್ಟೀರಾಯ್ಡ್‌ನಿಂದ ಮೊಡವೆ, ತೆಳು ಚರ್ಮ, ಮುಟ್ಟಿದ್ರೆ ನೀಲಿಗಟ್ಟೋದು, ಹೊಟ್ಟೆ ತೊಡೆ ಮೇಲೆ ಗೆರೆಗಳು. ಆದ್ರೆ ಸ್ಟೀರಾಯ್ಡ್‌ನ ನೀವಾಗೇ ನಿಲ್ಲಿಸೋ ಹಾಗಿಲ್ಲ, ಕಮ್ಮಿ ಮಾಡೋದೂ ಅವರು ಹೇಳಿದ ಲೆಕ್ಕದಲ್ಲೇ. ಇನ್ನು ಫಂಗಸ್‌ಗೆ ಕೊಡೋ ವೊರಿಕೊನಜೋಲ್ ಇದ್ರೆ ಬಿಸಿಲಿಗೆ ಚರ್ಮ ಸುಟ್ಟೇಹೋಗತ್ತೆ, ತುಂಬಾ ಕಾಲ ತಗೊಂಡೋರಲ್ಲಿ ಚರ್ಮದ ಕ್ಯಾನ್ಸರ್ ಸಾಧ್ಯತೆನೂ ಜಾಸ್ತಿ.

ಬಿಸಿಲಿನ ಬಗ್ಗೆ ನಾನು ಎಷ್ಟು ಹೇಳಿದ್ರೂ ಕಮ್ಮಿ. ಬಿಸಿಲಿನ ಯುವಿ ಕಿರಣ ಬಿದ್ರೆ ಆರಿಹೋಗಿದ್ದ ಜಿವಿಎಚ್‌ಡಿ ಮತ್ತೆ ಕೆರಳಬಹುದು. ಉದ್ದ ತೋಳಿನ ಬಟ್ಟೆ, ಅಗಲ ಅಂಚಿನ ಟೋಪಿ, ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಜಾಸ್ತಿ ಇರೋ ಸನ್‌ಸ್ಕ್ರೀನ್, ಹೊರಗಿದ್ರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚೋದು, ಕಿವಿ ಮತ್ತೆ ಕತ್ತಿನ ಹಿಂಭಾಗ ಬಿಡದೆ. ನಮ್ಮದು ಕಪ್ಪು ಚರ್ಮ ನಮಗೇನೂ ಆಗಲ್ಲ ಅನ್ನೋ ಮಾತು ಇಲ್ಲಿ ನಡೆಯಲ್ಲ. ಕಿಟಕಿ ಗಾಜು ಯುವಿಎ ಕಿರಣಗಳನ್ನ ಪೂರ್ತಿ ತಡೆಯಲ್ಲ, ಹಾಗಾಗಿ ಕಾರಲ್ಲಿ ಕೂತಿದ್ರೂ ಲೆಕ್ಕಕ್ಕೆ ಬರತ್ತೆ.

ಕ್ರಾನಿಕ್ ಜಿವಿಎಚ್‌ಡಿ ಸದ್ದಿಲ್ಲದೆ ಬರತ್ತೆ, ಅದೇ ಅದರ ಕಷ್ಟ. ಒಣಗಿದ ಚರ್ಮ, ಅಲ್ಲಲ್ಲಿ ಬಿಳಿ ಕಪ್ಪು ಮಚ್ಚೆ, ನೇರಳೆ ಬಣ್ಣದ ಚಪ್ಪಟೆ ಗುಳ್ಳೆಗಳು, ಉಗುರು ತೆಳ್ಳಗಾಗಿ ಉದ್ದಕ್ಕೆ ಸೀಳೋದು, ಬಾಯಿ ಒಳಗೆ ಬಿಳಿ ಜಾಲರಿ, ಕಣ್ಣು ಒಣಗೋದು, ಇವೆಲ್ಲಾ ಬೇರೆ ಬೇರೆ ಡಾಕ್ಟರ್ ಹತ್ರ ಬೇರೆ ಬೇರೆ ಕಾಯಿಲೆ ಥರ ತೋರಿಸ್ತಾ ಹೋದ್ರೆ ಒಂದೇ ಕಾಯಿಲೆ ಅಂತ ಗೊತ್ತಾಗೋಕೆ ತಿಂಗಳು ಹಿಡಿಯತ್ತೆ. ಹೆಂಗಸರಿಗೆ ಯೋನಿಯ ಚರ್ಮ ಒಣಗಿ ಕಿರಿದಾಗೋದೂ ಇದೆ, ಗಂಡಸರಿಗೂ ಜನನಾಂಗದ ಚರ್ಮದಲ್ಲಿ ಬರತ್ತೆ, ನಾಚಿಕೆಗೆ ಯಾರೂ ಹೇಳಲ್ಲ, ಡಾಕ್ಟರೂ ಕೆಲವು ಸಲ ಕೇಳಲ್ಲ. ದಯವಿಟ್ಟು ಹೇಳಿ, ಬೇಗ ಹೇಳಿದ್ರೆ ಹಚ್ಚೋ ಔಷಧಿಲೇ ಎಷ್ಟೋ ಸರಿಹೋಗತ್ತೆ.

ಇನ್ನೊಂದು ರೂಪದಲ್ಲಿ ಚರ್ಮ ಗಟ್ಟಿಯಾಗತ್ತೆ. ದದ್ದೂ ಇಲ್ಲ ತುರಿಕೆನೂ ಇಲ್ಲ, ಬರೀ ಬಿಗಿತ. ತಮ್ಮನಿಗೆ ಶುರುವಾಗಿದ್ದು ಮುಂಗೈಯಲ್ಲಿ, ವಾಚ್ ಪಟ್ಟಿ ಬಿಗಿ ಆಗ್ತಿದೆ ಅಂದ, ತೂಕ ಜಾಸ್ತಿಯಾಗಿದೆ ಅಂತ ಎಲ್ರೂ ಖುಷಿ ಪಟ್ರು. ಒಂದು ದಿನ ಕೈ ಎತ್ತಿದಾಗ ತೋಳಿನ ಒಳಭಾಗದಲ್ಲಿ ಚರ್ಮ ಅಲೆ ಅಲೆಯಾಗಿ ಒಳಕ್ಕೆ ಎಳೆದಿತ್ತು, ರಕ್ತನಾಳ ಹೋಗೋ ದಾರಿಯಲ್ಲಿ ಉದ್ದಕ್ಕೆ ಒಂದು ತಗ್ಗು. ಚರ್ಮದ ಕೆಳಗಿನ ಪೊರೆಗೆ ಬಂದಿದ್ದು, ಫ್ಯಾಸೈಟಿಸ್ ಅಂದ್ರು. ಇದಕ್ಕೊಂದು ಸರಳ ಪರೀಕ್ಷೆ ಇದೆ, ಎರಡೂ ಅಂಗೈ ಎದೆ ಮುಂದೆ ಜೋಡಿಸಿ ಮೊಣಕೈ ಅಗಲಿಸೋದು, ಅಂಗೈ ನಡುವೆ ಸಂದಿ ಉಳಿದ್ರೆ ಮಣಿಕಟ್ಟು ಬಿಗಿಯಾಗಿದೆ ಅಂತ. ಭುಜ, ಮೊಣಕೈ, ಮಣಿಕಟ್ಟು, ಪಾದದ ಕೀಲು ಎಷ್ಟು ಬಾಗತ್ತೆ ಅಂತ ಚಿತ್ರಗಳ ಜೊತೆ ಹೋಲಿಸಿ ನಂಬರ್ ಕೊಡೋ ಒಂದು ಚಾರ್ಟೂ ಇದೆ, ಫಾಲೋ ಅಪ್‌ನಲ್ಲಿ ಕೇಳಿ. ತಿಂಗಳಿಗೊಮ್ಮೆ ಅದೇ ಜಾಗ ಅದೇ ಭಂಗಿಯಲ್ಲಿ ಫೋಟೋ ತೆಗೆದಿಟ್ರೆ ಇನ್ನೂ ಒಳ್ಳೇದು, ದಿನಾ ನೋಡೋರಿಗೆ ನಿಧಾನದ ಬದಲಾವಣೆ ಕಾಣಲ್ಲ.

ಬಿಗಿಯಾದ ಚರ್ಮಕ್ಕೆ ಗಾಯ ಆದ್ರೆ ಬೇಗ ಮಾಗಲ್ಲ, ಬೆವರೂ ಕಮ್ಮಿಯಾಗತ್ತೆ, ಸೆಕೆಗೆ ಮೈ ಕಾದುಹೋಗತ್ತೆ. ಫಿಸಿಯೋಥೆರಪಿ ದಿನಾ ಬೇಕು, ಕಳ್ಕೊಂಡ ಚಲನೆ ವಾಪಸ್ ತರೋದು ಇರೋದನ್ನ ಉಳಿಸ್ಕೊಳ್ಳೋದಕ್ಕಿಂತ ತುಂಬಾ ಕಷ್ಟ. ಅವನಿಗೆ ಫೋಟೋಫೆರೆಸಿಸ್ ಮಾಡಿದ್ರು, ರಕ್ತ ಹೊರಗೆ ತೆಗೆದು ಬಿಳಿ ರಕ್ತಕಣ ಬೇರೆ ಮಾಡಿ, ಅದಕ್ಕೆ ಒಂದು ಔಷಧಿ ಸೇರಿಸಿ ಯುವಿಎ ಬೆಳಕು ಬಿಟ್ಟು ವಾಪಸ್ ಕೊಡೋದು. ಗಂಟೆಗಟ್ಲೆ ಮಲಗಿರ್ಬೇಕು, ಪರಿಣಾಮ ತಿಂಗಳುಗಳ ಮೇಲೆ ನಿಧಾನಕ್ಕೆ ಗೊತ್ತಾಗತ್ತೆ. ಅವನ ಮಣಿಕಟ್ಟು ಈಗ ಮುಂಚೆಗಿಂತ ಬಾಗತ್ತೆ, ಪೂರ್ತಿ ಇಲ್ಲ. ಹೊಸ ಔಷಧಿಗಳೂ ಬಂದಿವೆ, ಬೆಲುಮೊಸುಡಿಲ್ ಅಮೆರಿಕದಲ್ಲಿ 2021ರಲ್ಲಿ, ಅಕ್ಸಾಟಿಲಿಮಾಬ್ 2024ರಲ್ಲಿ.

ಯಾರೋ ಹೇಳಿದ ಲೇಪ, ಗಿಡಮೂಲಿಕೆ ಎಣ್ಣೆ, ಸುಗಂಧ ಇರೋ ಸೋಪು ಇದ್ಯಾವ್ದೂ ಬೇಡ. ಉಗುರು ಬೆಚ್ಚಗಿನ ನೀರು, ಮೃದು ಕ್ಲೆನ್ಸರ್, ಉಜ್ಜದೆ ಒತ್ತಿ ಒರೆಸೋದು, ಮೈ ಇನ್ನೂ ಸ್ವಲ್ಪ ಒದ್ದೆ ಇರೋವಾಗ್ಲೇ ವಾಸನೆ ಇಲ್ಲದ ಮಾಯಿಶ್ಚರೈಸರ್. ವರ್ಷಕ್ಕೊಮ್ಮೆ ಚರ್ಮದ ಡಾಕ್ಟರ್ ಹತ್ರ ತಲೆಯಿಂದ ಅಂಗಾಲುವರೆಗೆ ತೋರಿಸ್ಬೇಕು, ವರ್ಷಗಳು ಕಳೆದ್ರೂ, ಯಾಕಂದ್ರೆ ಚರ್ಮದ ಕ್ಯಾನ್ಸರ್ ಸಾಧ್ಯತೆ ಬೇರೆಯವರಿಗಿಂತ ಇವರಿಗೆ ಜಾಸ್ತಿನೇ ಇರತ್ತೆ. ಮಾಗದ ಹುಣ್ಣು, ಬದಲಾಗ್ತಿರೋ ಮಚ್ಚೆ ಇದ್ರೆ ವರ್ಷದವರೆಗೆ ಕಾಯೋದು ಬೇಡ.

ಆಸ್ಪತ್ರೆಗೆ ಫೋನ್ ಮಾಡ್ದಾಗ ಬರೀ ದದ್ದು ಬಂದಿದೆ ಅನ್ನೋ ಬದ್ಲು ಇಷ್ಟು ಹೇಳಿ, ಟ್ರಾನ್ಸ್‌ಪ್ಲಾಂಟ್ ಆಗಿ ಎಷ್ಟನೇ ದಿನ, ಮೊದ್ಲು ಎಲ್ಲಿ ಕಾಣಿಸ್ತು, ಎಷ್ಟು ಅಂಗೈ ಅಗಲ ಇದೆ, ಜ್ವರ ಇದ್ಯಾ, ಬೇಧಿ ಆಗ್ತಿದ್ಯಾ, ಕಣ್ಣು ಹಳದಿ ಇದ್ಯಾ, ಇತ್ತೀಚೆಗೆ ಯಾವ ಮಾತ್ರೆ ಶುರುವಾಯ್ತು ಅಥವಾ ಯಾವುದರ ಡೋಸ್ ಕಮ್ಮಿ ಆಯ್ತು. ಗುಳ್ಳೆ ಎದ್ರೆ, ಚರ್ಮ ಸುಲಿದ್ರೆ, ಬಾಯಿ ಕಣ್ಣಿನ ಒಳಗೆ ಹುಣ್ಣಾದ್ರೆ, ಜ್ವರ ಜೊತೆಗಿದ್ರೆ ರಾತ್ರಿ ಆಗಿದೆ ಅಂತ ನೋಡ್ಬೇಡಿ, ಅವಾಗ್ಲೇ ಹೊರಡಿ, ಔಷಧಿಗಳ ಚೀಟಿ ಕೈಲಿರ್ಲಿ.